ನಮ್ಮ ಮಾತಿನ ಮಾತ್ರೆ, ಇಂಗ್ಲಿಷಿನ ಒತ್ತು

ನಮ್ಮ ಕಾಲೇಜಿನಲ್ಲಿ ಓದುತ್ತಿರುವವರಲ್ಲಿ ಬಹುಮಂದಿ ನಂಜನಗೂಡು ಮತ್ತು ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಹಳ್ಳಿಗಳಿಂದ ಬಂದವರು. ಪ್ರೌಢಶಾಲೆಯವರೆಗೂ ಕನ್ನಡದಲ್ಲಿಯೇ ಕಲಿತು, ಇಂಗ್ಲಿಷನ್ನು ಒಂದು ಪಾಠವೆಂದು ಓದಿ, ಪರೀಕ್ಷೆಯಲ್ಲಿ ತಕ್ಕಮಟ್ಟಿಗೆ ಬರೆದು ತೇರ್ಗಡೆಯಾದವರು. ಬರೆಯುವ ಇಂಗ್ಲಿಷಿಗೆ ನಾವು ಅಷ್ಟಾಗಿ ಅಂಜುವುದಿಲ್ಲ. ಅದೇ ಇಂಗ್ಲಿಷನ್ನು ನಾಲ್ವರೆದುರು ಬಾಯಿಬಿಟ್ಟು ಆಡಬೇಕಾಗಿ ಬಂದಾಗ ಮಾತ್ರ ನಾಲಗೆ ಹಿಂಜರಿಯುತ್ತದೆ. ಚರ್ಚಾಕೂಟದಲ್ಲಿ ಹೇಳಲು ವಿಷಯವಿದ್ದವರು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕುಳಿತಿರುತ್ತಾರೆ. ಕೆಲಸದ ಸಂದರ್ಶನಕ್ಕೆಂದು ಮೈಸೂರಿಗೆ ಹೋದವರು, “ವಿಷಯವೇನೋ ಗೊತ್ತಿದೆ, ಉಚ್ಚಾರಣೆ ಸಾಲದು” ಎಂಬ ಮಾತನ್ನು ಕೇಳಿಕೊಂಡು ಹಿಂದಿರುಗುತ್ತಾರೆ. ಸಾಲದ್ದು ಯಾವುದು, ಏಕೆ ಸಾಲದು, ಅದನ್ನು ಹೇಗೆ ತಿದ್ದಿಕೊಳ್ಳಬೇಕು ಎಂಬುದನ್ನು ಮಾತ್ರ ಯಾರೂ ಬಿಡಿಸಿ ಹೇಳುವುದಿಲ್ಲ.

ಈ ಕೊರತೆ ನಮ್ಮ ನಾಲಗೆಯದೂ ಅಲ್ಲ, ಬುದ್ಧಿಯದೂ ಅಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಕನ್ನಡ ಒಂದು ಲೆಕ್ಕದಲ್ಲಿ ನಡೆಯುವ ಭಾಷೆ. ಇಂಗ್ಲಿಷು ಮತ್ತೊಂದು ಲೆಕ್ಕದಲ್ಲಿ ನಡೆಯುವ ಭಾಷೆ. ನಮ್ಮ ಲೆಕ್ಕವನ್ನು ನಾವು ತೊಟ್ಟಿಲಿನಿಂದಲೇ ಕಲಿತಿದ್ದೇವೆ. ಅವರ ಲೆಕ್ಕವನ್ನು ನಮಗೆ ಯಾರೂ ಕಲಿಸಿಲ್ಲ. ಕಲಿಸದೆ ಇದ್ದುದಕ್ಕೆ ನಗುವುದು ನ್ಯಾಯವಲ್ಲ. ಕಲಿಸುವುದಕ್ಕೆ ಬೇಕಾದ ಸಾಧನವಾದರೋ ಕನ್ನಡ ತರಗತಿಯ ಛಂದಸ್ಸಿನ ಪಾಠದಲ್ಲಿ ಆಗಲೇ ಸಿದ್ಧವಾಗಿ ಕುಳಿತಿದೆ. ಈ ಮಾತನ್ನು ನಮ್ಮ ಅಧ್ಯಾಪಕರ ಮುಂದೆಯೂ ಸಹಪಾಠಿಗಳ ಮುಂದೆಯೂ ಇಡುವುದೇ ಈ ಲೇಖನದ ಉದ್ದೇಶ.

ಮೊದಲು ಒತ್ತು ಎಂದರೇನೆಂಬುದನ್ನು ನೋಡೋಣ. ಅಕ್ಷರದ ಕೆಳಗೆ ಬರೆಯುವ ಒತ್ತಕ್ಷರ ಇಲ್ಲಿನ ಮಾತಲ್ಲ. ಒಂದು ಪದವನ್ನು ಉಚ್ಚರಿಸುವಾಗ ಅದರ ಅಕ್ಷರಗಳಲ್ಲಿ ಯಾವುದಾದರೂ ಒಂದು ಮಿಕ್ಕವುಗಳಿಗಿಂತ ಹೆಚ್ಚು ಬಲವಾಗಿ, ಕೆಲವು ವೇಳೆ ಹೆಚ್ಚು ಎತ್ತರದ ಧ್ವನಿಯಲ್ಲಿ, ಹೆಚ್ಚು ಹೊತ್ತು ಕೇಳಿಬರುವುದುಂಟು. ಈ ಬಲಕ್ಕೆ ಪಂಡಿತರು ಬಲಾಘಾತವೆಂದು ಹೆಸರಿಟ್ಟಿದ್ದಾರೆ. ನಾನು ಸುಲಭವಾಗಿ ಒತ್ತು ಎನ್ನುತ್ತೇನೆ. ಅಕ್ಷರವೆಂದರೆ ಇಲ್ಲಿ ಲಿಪಿಯಲ್ಲಿ ಬರೆದ ಗುರುತಲ್ಲ. ಒಂದು ಸ್ವರದೊಡನೆ ಒಂದೇ ಏಟಿಗೆ ಹೊರಡುವ ಧ್ವನಿಯ ತುಣುಕು ಎಂದು ತಿಳಿಯಬೇಕು.

ಜಗತ್ತಿನ ಭಾಷೆಗಳಲ್ಲಿ ಈ ಒತ್ತು ಬೀಳುವ ರೀತಿ ಒಂದೇ ತೆರನಾಗಿಲ್ಲ. ಚೆಕ್, ಹಂಗೇರಿಯನ್, ಫಿನ್ನಿಷ್ ಭಾಷೆಗಳಲ್ಲಿ ಪದದ ಮೊದಲ ಅಕ್ಷರಕ್ಕೇ ಒತ್ತು. ಹಂಗೇರಿಯವರು ತಮ್ಮ ರಾಜಧಾನಿಯನ್ನು ಹೆಸರಿಸುವಾಗ ‘ಬು’ ಎಂಬುದನ್ನು ಒತ್ತಿ ಬುದಪೆಶ್ತ್ ಎನ್ನುತ್ತಾರೆ. ಪೋಲೆಂಡಿನವರ ಭಾಷೆಯಲ್ಲಿ ಸಾಮಾನ್ಯವಾಗಿ ಕೊನೆಯಿಂದ ಎರಡನೆಯ ಅಕ್ಷರಕ್ಕೆ ಒತ್ತು. ಅವರ ರಾಜಧಾನಿ ವರ್ಷಾವ ಎಂಬಲ್ಲಿ ಒತ್ತು ‘ಷಾ’ ಮೇಲೆ ಬೀಳುತ್ತದೆ. ಫ್ರೆಂಚರು ಮಾತಿನ ಗುಂಪಿನ ಕೊನೆಯ ಅಕ್ಷರಕ್ಕೆ ಒತ್ತು ಕೊಡುತ್ತಾರೆ. ಆದ್ದರಿಂದಲೇ ಒಂದೇ ಊರಿನ ಹೆಸರು ಫ್ರೆಂಚರ ಬಾಯಲ್ಲಿ ‘ಪರೀ’ ಎಂದು ಕೊನೆಯಲ್ಲಿ ಭಾರವಾಗಿ, ಇಂಗ್ಲಿಷರ ಬಾಯಲ್ಲಿ ‘ಪ್ಯಾರಿಸ್’ ಎಂದು ಮೊದಲಿನಲ್ಲಿ ಭಾರವಾಗಿ ಕೇಳಿಸುತ್ತದೆ. 2005ರಲ್ಲಿ ಪ್ರಕಟವಾದ ಜಾಗತಿಕ ಭಾಷಾರಚನೆಗಳ ಭೂಪಟದಲ್ಲಿ ಇಬ್ಬರು ಡಚ್ ವಿದ್ವಾಂಸರು 502 ಭಾಷೆಗಳನ್ನು ಈ ದೃಷ್ಟಿಯಿಂದ ವಿಂಗಡಿಸಿದರು. ಅವುಗಳಲ್ಲಿ 282 ಭಾಷೆಗಳಲ್ಲಿ ಒತ್ತಿಗೆ ಗೊತ್ತಾದ ಒಂದು ಸ್ಥಾನವುಂಟು: 110ರಲ್ಲಿ ಕೊನೆಯಿಂದ ಎರಡನೆಯದು, 92ರಲ್ಲಿ ಮೊದಲನೆಯದು, 51ರಲ್ಲಿ ಕೊನೆಯದು, ಉಳಿದವುಗಳಲ್ಲಿ ಬೇರೆ ಸ್ಥಾನಗಳು. ಮಿಕ್ಕ 220 ಭಾಷೆಗಳಲ್ಲಿ ಹಾಗೆ ಗೊತ್ತಾದ ಸ್ಥಾನವಿಲ್ಲ. ಆ ಪೈಕಿ ಬಹಳಷ್ಟರಲ್ಲಿ ಅಕ್ಷರದ ತೂಕವನ್ನು ನೋಡಿಕೊಂಡು ಒತ್ತು ಬೀಳುತ್ತದೆ.

ಅಕ್ಷರದ ತೂಕ ಎಂದೊಡನೆ ಕನ್ನಡ ವಿದ್ಯಾರ್ಥಿಯ ಕಿವಿ ನೆಟ್ಟಗಾಗಬೇಕು. ಏಕೆಂದರೆ ಅದು ನಮ್ಮ ಲಘು ಗುರುಗಳೇ ಹೊರತು ಬೇರೆಯಲ್ಲ. ಲ್ಯಾಟಿನ್ ಭಾಷೆಯ ನಿಯಮವನ್ನು ನೋಡಿರಿ. ಕೊನೆಯಿಂದ ಎರಡನೆಯ ಅಕ್ಷರ ಗುರುವಾಗಿದ್ದರೆ ಒತ್ತು ಅದಕ್ಕೆ. ಲಘುವಾಗಿದ್ದರೆ ಅದರ ಹಿಂದಿನದಕ್ಕೆ. ಗೆಳೆಯನೆಂಬ ಅರ್ಥದ ‘ಅಮೀಕುಸ್’ ಎಂಬುದರಲ್ಲಿ ‘ಮೀ’ ಗುರು, ಒತ್ತು ಅಲ್ಲಿಯೇ. ಒಡೆಯನೆಂಬ ಅರ್ಥದ ‘ದೊಮಿನುಸ್’ ಎಂಬುದರಲ್ಲಿ ‘ಮಿ’ ಲಘು. ಆದಕಾರಣ ಒತ್ತು ಹಿಂದಕ್ಕೆ ಸರಿದು ‘ದೊ’ ಮೇಲೆ ಬೀಳುತ್ತದೆ. ಪ್ರಸ್ತಾರ ಹಾಕಲು ಬಲ್ಲ ನಮ್ಮ ಯಾವ ವಿದ್ಯಾರ್ಥಿಗೂ ಈ ನಿಯಮ ಐದು ನಿಮಿಷದ ಕೆಲಸ.

ಒತ್ತು ಸ್ಥಾನ ಬದಲಿಸಿ ಅರ್ಥವನ್ನೇ ಬದಲಿಸುವ ಭಾಷೆಗಳೂ ಇವೆ. ಸ್ಪ್ಯಾನಿಷ್ ಭಾಷೆಯಲ್ಲಿ ‘ತೆರ್ಮಿನೊ’ ಎಂಬುದನ್ನು ಮೊದಲಲ್ಲಿ ಒತ್ತಿದರೆ ‘ಕೊನೆ’ ಎಂದರ್ಥ, ನಡುವೆ ಒತ್ತಿದರೆ ‘ಮುಗಿಸುತ್ತೇನೆ’ ಎಂದರ್ಥ, ಕೊನೆಯಲ್ಲಿ ಒತ್ತಿದರೆ ‘ಮುಗಿಸಿದನು’ ಎಂದರ್ಥ. ರಷ್ಯನ್ನರ ‘ಜಾಮೊಕ್’ ಮೊದಲಲ್ಲಿ ಒತ್ತಿದರೆ ಕೋಟೆ, ಕೊನೆಯಲ್ಲಿ ಒತ್ತಿದರೆ ಬೀಗ. ಇದು ನಮಗೆ ತೀರ ಹೊಸ ವಿಷಯವೇನೂ ಅಲ್ಲ. ನಮ್ಮ ವೇದಭಾಷೆಯಲ್ಲಿ ಉದಾತ್ತ, ಅನುದಾತ್ತ, ಸ್ವರಿತಗಳೆಂಬ ಸ್ವರಭೇದಗಳಿದ್ದುವು. ಅವು ಬಲದ ಭೇದಗಳಲ್ಲ, ಧ್ವನಿಯ ಏರಿಳಿತದ ಭೇದಗಳು. ಆದರೂ ಒಂದು ಪದದಲ್ಲಿ ಒಂದು ಅಕ್ಷರವನ್ನು ಎತ್ತಿ ತೋರಿಸುವ ಕೆಲಸ ಒಂದೇ. ನಂಜನಗೂಡಿನ ಶ್ರೀಕಂಠೇಶ್ವರಸ್ವಾಮಿಯ ಸನ್ನಿಧಿಯಲ್ಲಿ ರುದ್ರಪಠನವನ್ನು ಕೇಳಿದವರ ಕಿವಿಯಲ್ಲಿ ಆ ಏರಿಳಿತ ಇದ್ದೇ ಇರುತ್ತದೆ. ಪತಂಜಲಿಯು ಮಹಾಭಾಷ್ಯದಲ್ಲಿ ನೆನೆಯುವ ಇಂದ್ರಶತ್ರುವಿನ ಕಥೆಯೂ ಹಲವರಿಗೆ ಗೊತ್ತು. ಇಂದ್ರನನ್ನು ಕೊಲ್ಲುವ ಮಗನನ್ನು ಪಡೆಯಲು ತ್ವಷ್ಟೃವು ಹೋಮ ಮಾಡಿದಾಗ ‘ಇಂದ್ರಶತ್ರು’ ಎಂಬ ಪದದ ಸ್ವರ ಕೊನೆಯಲ್ಲಿರುವ ಬದಲು ಮೊದಲಿಗೆ ಬಂದಿತಂತೆ. ‘ಇಂದ್ರನನ್ನು ಕೊಲ್ಲುವವನು’ ಎಂಬರ್ಥ ಹೋಗಿ ‘ಇಂದ್ರನಿಂದ ಕೊಲ್ಲಲ್ಪಡುವವನು’ ಎಂಬರ್ಥವಾಗಿ ವೃತ್ರನೇ ಸತ್ತನಂತೆ. ಒತ್ತು ತಪ್ಪಿದರೆ ಅರ್ಥ ತಪ್ಪುವುದೆಂಬುದನ್ನು ನಮ್ಮ ಹಿರಿಯರು ಎಷ್ಟು ಗಂಭೀರವಾಗಿ ಎಣಿಸಿದ್ದರೆಂಬುದಕ್ಕೆ ಇದೇ ಸಾಕ್ಷಿ.

ಇನ್ನು ನಮ್ಮ ಕನ್ನಡಕ್ಕೆ ಬರೋಣ. ಕನ್ನಡದಲ್ಲಿ ಒತ್ತಿನ ಸ್ಥಾನವನ್ನು ಬದಲಿಸಿದ ಮಾತ್ರಕ್ಕೆ ಅರ್ಥ ಬದಲಾಗುವುದಿಲ್ಲ. ಸಾಮಾನ್ಯವಾಗಿ ಪದದ ಮೊದಲ ಅಕ್ಷರಕ್ಕೆ ಮೆಲ್ಲನೆಯ ಒಂದು ಒತ್ತು ಇರುತ್ತದೆ. ಅದು ಅಷ್ಟು ಮೆಲ್ಲಗಿರುವುದರಿಂದ ನಮ್ಮ ಗಮನಕ್ಕೇ ಬರುವುದಿಲ್ಲ. ನಮ್ಮಲ್ಲಿ ಅರ್ಥವನ್ನು ಬದಲಿಸುವುದು ಕಾಲದ ಅಳತೆ. ‘ಬಳೆ’ ಎಂದರೆ ಕೈಗೆ ತೊಡುವುದು. ಮೊದಲ ಸ್ವರವನ್ನು ಎಳೆದರೆ ನಮ್ಮ ನಂಜನಗೂಡಿನ ರಸಬಾಳೆಯ ‘ಬಾಳೆ’. ‘ಮರಿ’ ಎಂದರೆ ಕುರಿಯ ಮರಿ. ಎಳೆದರೆ ಊರ ಹಬ್ಬದ ‘ಮಾರಿ’. ‘ಕತೆ’ಯ ನಡುವೆ ವ್ಯಂಜನವನ್ನು ಇಮ್ಮಡಿಸಿದರೆ ‘ಕತ್ತೆ’. ಹೀಗಾಗಿ ಕನ್ನಡಿಗನ ಕಿವಿ ಚಿಕ್ಕಂದಿನಿಂದಲೂ ಹ್ರಸ್ವ ಯಾವುದು, ದೀರ್ಘ ಯಾವುದು, ದ್ವಿತ್ವ ಯಾವುದು ಎಂಬುದನ್ನೇ ಕಾಯುತ್ತಿರುತ್ತದೆ. ಹತ್ತನೆಯ ಶತಮಾನದ ಕೊನೆಯಲ್ಲಿ ನಾಗವರ್ಮನು ಛಂದೋಂಬುಧಿಯನ್ನು ಬರೆದ ಕಾಲದಿಂದ ಇಂದಿನವರೆಗೂ ನಾವು ಪದ್ಯದಲ್ಲಿ ಎಣಿಸುತ್ತ ಬಂದಿರುವುದು ಲಘು ಗುರುಗಳನ್ನು, ಮಾತ್ರೆಗಳನ್ನು. ಭಾಮಿನಿ ಷಟ್ಪದಿಯನ್ನು ಗಮಕಿಗಳು ಓದುವಾಗ ಮೂರು ಮಾತ್ರೆಯ ಗಣ, ನಾಲ್ಕು ಮಾತ್ರೆಯ ಗಣ ಒಂದರ ಹಿಂದೊಂದು ನಡೆದುಬರುತ್ತವೆ. ಅಲ್ಲಿ ಕಾಲು ಹಾಕುವುದು ಮಾತ್ರೆ, ಒತ್ತಲ್ಲ.

ಹಾಗಾದರೆ ಮೊದಲ ಅಕ್ಷರಕ್ಕೆ ಒತ್ತಿದೆಯೆಂಬುದಕ್ಕೆ ಆಧಾರವೇನು ಎಂದು ಯಾರಾದರೂ ಕೇಳಬಹುದು. ಆಧಾರ ದೂರದಲ್ಲಿಲ್ಲ, ನಮ್ಮ ಎರಡು ಊರುಗಳ ಹೆಸರುಗಳಲ್ಲಿಯೇ ಇದೆ. ‘ನಂಜನಗೂಡು’ ಎಂದು ಬರೆಯುತ್ತೇವೆ. ಬಸ್ಸಿನಲ್ಲಿ ಚೀಟಿ ಕೇಳುವಾಗ ‘ನಂಜನ್ಗೂಡು’ ಎನ್ನುತ್ತೇವೆ. ‘ನರಸೀಪುರ’ ಎಂದು ಬರೆದು ‘ನರ್ಸೀಪುರ’ ಎನ್ನುತ್ತೇವೆ. ‘ತಿರುಮಕೂಡಲು’ ಎಂದು ಬರೆದು ‘ತಿರ್ಮಕೂಡ್ಲು’ ಎನ್ನುತ್ತೇವೆ. ಬಿದ್ದುಹೋದ ಸ್ವರಗಳು ಯಾವುವು? ಎಲ್ಲವೂ ನಡುವಿನ ಹ್ರಸ್ವಗಳು. ಮೊದಲ ಅಕ್ಷರದ ಸ್ವರ ಹ್ರಸ್ವವೇ ಆದರೂ ಬೀಳುವುದಿಲ್ಲ. ‘ನರ್ಸೀಪುರ’ವೆಂದು ಹೇಳುವವರು ‘ನ’ಕಾರದ ಸ್ವರವನ್ನು ಎಂದಿಗೂ ಬಿಡುವುದಿಲ್ಲ. ‘ಗೂ’, ‘ಸೀ’, ‘ಕೂ’ ಎಂಬ ದೀರ್ಘಗಳೂ ಅಲುಗುವುದಿಲ್ಲ. ಅಂದರೆ ಮೊದಲ ಸ್ಥಾನಕ್ಕೆ ಒಂದು ಬಲ, ದೀರ್ಘಕ್ಕೆ ಒಂದು ಬಲ. ಎರಡೂ ಇಲ್ಲದ ನಡುವಿನ ಹ್ರಸ್ವ ಮಾತಿನ ವೇಗದಲ್ಲಿ ಸವೆದುಹೋಗುತ್ತದೆ.

ಇನ್ನೊಂದು ಸ್ವಾರಸ್ಯವನ್ನು ನೋಡಿರಿ. ‘ನಂಜನಗೂಡು’ ಎಂಬುದಕ್ಕೆ ಪ್ರಸ್ತಾರ ಹಾಕಿದರೆ ಗುರು, ಲಘು, ಲಘು, ಗುರು, ಲಘು. ಒಟ್ಟು 7 ಮಾತ್ರೆ. ‘ನಂಜನ್ಗೂಡು’ ಎಂಬುದಕ್ಕೆ ಹಾಕಿದರೆ ಗುರು, ಗುರು, ಗುರು, ಲಘು. ಆಗಲೂ 7 ಮಾತ್ರೆಯೇ. ಒಂದು ಅಕ್ಷರ ಹೋಯಿತು, ಆದರೆ ಅದರ ಹಿಂದಿನದು ಗುರುವಾಗಿ ನಷ್ಟವನ್ನು ತುಂಬಿಕೊಟ್ಟಿತು. ‘ನರಸೀಪುರ’ 6 ಮಾತ್ರೆ, ‘ನರ್ಸೀಪುರ’ವೂ 6 ಮಾತ್ರೆ. ಎಲ್ಲ ಪದಗಳಲ್ಲಿಯೂ ಹೀಗೆ ಲೆಕ್ಕ ಸರಿಹೋಗುತ್ತದೆಂದು ನಾನು ಹೇಳುವುದಿಲ್ಲ. ‘ತಿರುಮಕೂಡಲು’ ಎಂಬಲ್ಲಿ 7 ಇದ್ದುದು ‘ತಿರ್ಮಕೂಡ್ಲು’ ಎಂಬಲ್ಲಿ 6 ಆಗುತ್ತದೆ. ಆದರೂ ಓದುಬರಹ ಬಾರದವನ ಬಾಯಲ್ಲಿಯೂ ಮಾತು ಹೀಗೆ ಕಟ್ಟಳೆಗೆ ಒಳಪಟ್ಟು ಸವೆಯುತ್ತದೆಂಬುದು ಗಮನಿಸತಕ್ಕ ಸಂಗತಿ.

ನಾವು ಬರಮಾಡಿಕೊಂಡ ಇಂಗ್ಲಿಷ್ ಪದಗಳಲ್ಲಿ ಈ ಕಟ್ಟಳೆ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ‘ಹೋಟೆಲ್’ ಎಂಬುದರಲ್ಲಿ ಇಂಗ್ಲಿಷರ ಒತ್ತು ಎರಡನೆಯ ಅಕ್ಷರದ ಮೇಲೆ. ನಮ್ಮವರು ಅದನ್ನು ‘ಹೋಟ್ಲು’ ಮಾಡಿಕೊಂಡರು. ಅವರು ಯಾವ ಸ್ವರದ ಮೇಲೆ ಭಾರವೆಲ್ಲ ಹೇರಿದ್ದರೋ ಆ ಸ್ವರವನ್ನೇ ನಾವು ಬಿಟ್ಟುಬಿಟ್ಟೆವು! ‘ಮೆಷೀನ್’ ಎಂಬುದರಲ್ಲಿ ಅವರ ಒತ್ತು ಎರಡನೆಯದರ ಮೇಲೆ; ನಮ್ಮ ಹಳ್ಳಿಯ ‘ಮಿಷನ್ನಿ’ನಲ್ಲಿ ಅದೇ ಅಕ್ಷರ ಹ್ರಸ್ವವಾಯಿತು. ಬಸ್ಸಿನ ಕಂಡಕ್ಟರನ್ನು ಅವರು ನಡುವಿನಲ್ಲಿ ಒತ್ತುತ್ತಾರೆ, ನಾವು ‘ಕಂಡಕ್ಟ್ರು’ ಎಂದು ಮೊದಲಲ್ಲಿ ಹಿಡಿಯುತ್ತೇವೆ. ಪರಭಾಷೆಯ ಪದ ನಮ್ಮ ಹೊಸ್ತಿಲು ದಾಟಿದೊಡನೆ ಅದರ ಒತ್ತು ಬಾಗಿಲಾಚೆ ಉಳಿಯಿತು. ನಮ್ಮ ಕ್ರಮಕ್ಕೆ ಅದು ಹೊಂದಿಕೊಂಡಿತು. ಇದು ತಪ್ಪಲ್ಲ. ಎಲ್ಲ ಭಾಷೆಗಳೂ ಮಾಡುವ ಕೆಲಸ ಇದೇ.

ಮೊದಲ ಅಕ್ಷರಕ್ಕೇ ಏಕೆ ಬಲ ಎಂಬುದಕ್ಕೆ ಒಂದು ಕಾರಣವನ್ನು ಊಹಿಸಬಹುದು. ಕನ್ನಡದಲ್ಲಿ ಪ್ರಕೃತಿ ಮುಂದೆ, ಪ್ರತ್ಯಯ ಹಿಂದೆ. ಮನೆ, ಮನೆಗೆ, ಮನೆಯಿಂದ, ಮನೆಗಳಲ್ಲಿ: ಬಾಲ ಎಷ್ಟೇ ಬೆಳೆದರೂ ತಲೆ ಅದೇ. ತಲೆಯ ಕಡೆ ಸ್ವಲ್ಪ ಒತ್ತಿದರೆ, ಗದ್ದೆಗೆ ಬದು ಹಾಕಿದಂತೆ, ಹಿಂದಿನ ಪದ ಎಲ್ಲಿ ಮುಗಿಯಿತು, ಹೊಸ ಪದ ಎಲ್ಲಿ ಮೊದಲಾಯಿತು ಎಂಬುದು ಕೇಳುವವನಿಗೆ ತಿಳಿಯುತ್ತದೆ. ಆದರೆ ಇದೇ ಸಾರ್ವತ್ರಿಕ ನಿಯಮವೆಂದು ಹೇಳುವಂತಿಲ್ಲ. ತುರ್ಕಿ ಭಾಷೆಯಲ್ಲಿಯೂ ಪ್ರತ್ಯಯಗಳು ಹಿಂದೆಯೇ ಬರುತ್ತವೆ. ಅಲ್ಲಿ ಒತ್ತು ಬಹುಮಟ್ಟಿಗೆ ಕೊನೆಯ ಅಕ್ಷರಕ್ಕೆ. ಬದುವನ್ನು ಗದ್ದೆಯ ಯಾವ ಅಂಚಿನಲ್ಲಿ ಹಾಕಿದರೂ ಎಲ್ಲೆ ತಿಳಿಯುತ್ತದಷ್ಟೆ.

ಇಂಗ್ಲಿಷಿನ ಪದ್ಧತಿ ಇದಕ್ಕೆ ವಿರುದ್ಧವಾದುದು. ಅಲ್ಲಿ ಒತ್ತು ಬಲವಾದುದು, ಚಲಿಸುವಂಥದು. ಮೇಲಾಗಿ, ಒತ್ತಿಲ್ಲದ ಅಕ್ಷರಗಳ ಸ್ವರ ಮಸುಕಾಗಿ, ಯಾವ ಸ್ವರವೆಂದು ತಿಳಿಯದಷ್ಟು ಕುಗ್ಗಿಹೋಗುತ್ತದೆ. ನಮ್ಮ ಐಚ್ಛಿಕ ವಿಷಯಗಳಿಂದಲೇ ಉದಾಹರಣೆ ಕೊಡುತ್ತೇನೆ. ‘ಪಾಲಿಟಿಕ್ಸ್’ ಎಂಬುದರಲ್ಲಿ ಒತ್ತು ಮೊದಲನೆಯ ಅಕ್ಷರಕ್ಕೆ. ‘ಪೊಲಿಟಿಕಲ್’ ಎಂಬುದರಲ್ಲಿ ಎರಡನೆಯದಕ್ಕೆ. ‘ಪಾಲಿಟಿಷನ್’ ಎಂಬುದರಲ್ಲಿ ಮೂರನೆಯದಕ್ಕೆ. ಒಂದೇ ಮನೆತನದ ಮೂರು ಪದಗಳಲ್ಲಿ ಮೂರು ಸ್ಥಾನ. ‘ಹಿಸ್ಟರಿ’ ಮೊದಲನೆಯದು, ‘ಹಿಸ್ಟೋರಿಯನ್’ ಎರಡನೆಯದು. ‘ಎಕಾನಮಿ’ ಎರಡನೆಯದು, ‘ಎಕನಾಮಿಕ್ಸ್’ ಮೂರನೆಯದು. ಕೆಲವು ಪದಗಳಲ್ಲಿ ಒತ್ತು ನಾಮಪದವನ್ನೂ ಕ್ರಿಯಾಪದವನ್ನೂ ಬೇರ್ಪಡಿಸುತ್ತದೆ. ಕಾಲೇಜು ಬಿಡುವಾಗ ಕೊಡುವ ನಡತೆಯ ಪ್ರಮಾಣಪತ್ರದಲ್ಲಿರುವ ‘ಕಾಂಡಕ್ಟ್’ ನಾಮಪದ, ಒತ್ತು ಮೊದಲಿಗೆ. ಸಭೆ ನಡೆಸುವುದೆಂಬ ಕ್ರಿಯಾಪದವಾದರೆ ಒತ್ತು ಕೊನೆಗೆ. ‘ರೆಕಾರ್ಡ್’, ‘ಪ್ರೆಸೆಂಟ್’, ‘ಆಬ್ಜೆಕ್ಟ್’, ‘ಪರ್ಮಿಟ್’ ಮೊದಲಾದುವೂ ಇದೇ ಬಗೆ.

ಇದೆಲ್ಲ ಅರಾಜಕತೆಯೆಂದು ಭಯಪಡಬೇಕಾಗಿಲ್ಲ. ಬಹುಪಾಲು ಪದಗಳಿಗೆ ಅನ್ವಯಿಸುವ ಕೆಲವು ನಿಯಮಗಳು ಅಲ್ಲಿಯೂ ಇವೆ. ‘ಷನ್’ ಎಂದು ಮುಗಿಯುವ ಎಜುಕೇಷನ್, ಎಗ್ಸಾಮಿನೇಷನ್ ಮುಂತಾದ ಪದಗಳಲ್ಲಿ ಒತ್ತು ಆ ‘ಷನ್’ನ ಹಿಂದಿನ ಅಕ್ಷರಕ್ಕೆ. ‘ಇಕ್’ ಎಂದು ಮುಗಿಯುವ ಹಿಸ್ಟಾರಿಕ್, ಎಕನಾಮಿಕ್ ಮುಂತಾದುವುಗಳಲ್ಲಿ ಅದರ ಹಿಂದಿನದಕ್ಕೆ. ಮೇಲೆ ಹೇಳಿದ ‘ಪಾಲಿಟಿಕ್ಸ್’ ಈ ನಿಯಮಕ್ಕೆ ಅಪವಾದ. ‘ಇಟಿ’ ಎಂದು ಮುಗಿಯುವ ಯೂನಿವರ್ಸಿಟಿ, ‘ಲಜಿ’ ಎಂದು ಮುಗಿಯುವ ಸೋಷಿಯಾಲಜಿ, ಸೈಕಾಲಜಿ ಇವುಗಳಲ್ಲಿ ಕೊನೆಯಿಂದ ಮೂರನೆಯದಕ್ಕೆ. ಈ ನಾಲ್ಕು ಸೂತ್ರಗಳನ್ನು ಒಂದು ತರಗತಿಯಲ್ಲಿ ಹೇಳಬಹುದು. ಮೂರು ವರ್ಷ ಸೋಷಿಯಾಲಜಿಯನ್ನು ಓದಿ ಪದವಿ ಪಡೆಯುವವನಿಗೆ ತಾನು ಓದಿದ ಶಾಸ್ತ್ರದ ಹೆಸರಿನಲ್ಲಿ ಒತ್ತು ಎಲ್ಲಿ ಬೀಳುತ್ತದೆಂಬುದನ್ನು ಯಾರೂ ಹೇಳದಿರುವುದು ವಿಷಾದದ ಸಂಗತಿಯಲ್ಲವೇ?

ಈಗ ಎರಡು ಲೆಕ್ಕಗಳನ್ನು ಎದುರುಬದುರಾಗಿ ಇಟ್ಟು ನೋಡಿದರೆ ನಮ್ಮ ಹಿಂಜರಿಕೆಯ ಮೂಲ ತಿಳಿಯುತ್ತದೆ. ನಾವು ಇಂಗ್ಲಿಷಿನ ಪ್ರತಿಯೊಂದು ಸ್ವರವನ್ನೂ ಕನ್ನಡದಂತೆ ಪೂರ್ಣವಾಗಿ ನುಡಿದು, ಮೊದಲ ಅಕ್ಷರವನ್ನು ಹಿಡಿಯುತ್ತೇವೆ. ‘ಡೆವಲಪ್’ ಎಂಬುದನ್ನು, ‘ಕಮಿಟಿ’ ಎಂಬುದನ್ನು ಅವರು ಎರಡನೆಯ ಅಕ್ಷರದಲ್ಲಿ ಒತ್ತಿದರೆ ನಾವು ಮೊದಲನೆಯದರಲ್ಲಿ. ಅತ್ತ ಕನ್ನಡ ಕಲಿಯಲು ಬಂದ ಇಂಗ್ಲಿಷರವನು ‘ಬಳೆ’ಗೂ ‘ಬಾಳೆ’ಗೂ ಭೇದ ಮಾಡಲಾರ, ‘ಕತೆ’ ಹೇಳಲು ಹೋಗಿ ‘ಕತ್ತೆ’ ಎನ್ನುತ್ತಾನೆ, ಒತ್ತಿಲ್ಲದ ಕೊನೆಯ ಸ್ವರವನ್ನು ನುಂಗಿ ನಮ್ಮ ಊರನ್ನು ‘ನಂಜನ್‌ಗುಡ್’ ಮಾಡಿಬಿಡುತ್ತಾನೆ. ಅವನ ತಪ್ಪೂ ನಮ್ಮ ತಪ್ಪೂ ಒಂದೇ ಜಾತಿಯವು: ತನ್ನ ಲೆಕ್ಕವನ್ನು ಇನ್ನೊಬ್ಬರ ಅಂಗಡಿಯಲ್ಲಿ ಬಳಸಿದ ತಪ್ಪು. ಹೀಗಿರುವಾಗ ಅವನ ತಪ್ಪಿಗೆ “ಪಾಪ, ಕಲಿಯುತ್ತಿದ್ದಾನೆ” ಎಂದು ಮೆಚ್ಚಿ, ನಮ್ಮ ಹುಡುಗನ ತಪ್ಪಿಗೆ ಕಿಸಕ್ಕನೆ ನಗುವುದು ಯಾವ ನ್ಯಾಯ?

ನಗು ಇಷ್ಟಕ್ಕೇ ನಿಲ್ಲುವುದಿಲ್ಲ. ನಮ್ಮ ಹಳ್ಳಿಯ ಕನ್ನಡವೂ ಪಟ್ಟಣದಲ್ಲಿ ನಗೆಗೀಡಾಗುತ್ತದೆ. ‘ಬರುತ್ತೀನಿ’ ಎಂಬುದು ‘ಬತ್ತೀನಿ’ ಆಯಿತೆಂದು, ‘ಹೇಳುತ್ತೀನಿ’ ಎಂಬುದು ‘ಏಳ್ತೀನಿ’ ಆಯಿತೆಂದು ಮೂಗು ಮುರಿಯುವವರಿದ್ದಾರೆ. ಆದರೆ ‘ಬತ್ತೀನಿ’ಯಲ್ಲಿ ಬಿದ್ದದ್ದು ನಡುವಿನ ಹ್ರಸ್ವ, ಉಳಿದದ್ದು ಮೊದಲ ಅಕ್ಷರ, ‘ನಂಜನ್ಗೂಡು’ ಎಂಬಲ್ಲಿ ಕೆಲಸ ಮಾಡಿದ ನಿಯಮವೇ ಇಲ್ಲಿಯೂ ಕೆಲಸ ಮಾಡಿದೆ. ಮೂಗು ಮುರಿಯುವ ಪಟ್ಟಣಿಗರೇ ‘ಮಾಡುತ್ತಾನೆ’ ಎಂದು ಬರೆದು ‘ಮಾಡ್ತಾನೆ’ ಎನ್ನುವುದಿಲ್ಲವೇ? ಅಲ್ಲಿ ಬಿದ್ದ ಉಕಾರಕ್ಕೂ ಇಲ್ಲಿ ಬಿದ್ದ ಉಕಾರಕ್ಕೂ ಏನು ಭೇದ? ವಿದ್ವಾಂಸರ ದೃಷ್ಟಿಯಲ್ಲಿ ಆಡುಮಾತು ಎಂದೋ ಗೌರವ ಪಡೆದಿದೆ. 1958ರಲ್ಲಿ ವಿಲಿಯಂ ಬ್ರೈಟ್ ಎಂಬ ಅಮೆರಿಕದ ಭಾಷಾವಿಜ್ಞಾನಿ ಆಡುಗನ್ನಡವನ್ನೇ ವಸ್ತುವಾಗಿಟ್ಟುಕೊಂಡು ಬರೆದ ಗ್ರಂಥವನ್ನು ಪುಣೆಯ ಡೆಕ್ಕನ್ ಕಾಲೇಜು ಪ್ರಕಟಿಸಿತು. ಅದೇ ಸಂಸ್ಥೆ 1968ರಲ್ಲಿ ನಂಜನಗೂಡಿನ ಒಕ್ಕಲಿಗರ ಮಾತನ್ನು ಕುರಿತು ಯು. ಪಿ. ಉಪಾಧ್ಯಾಯರು ಬರೆದ ಗ್ರಂಥವನ್ನು ಹೊರತಂದಿತು. ಮುಂದೆ ತುಳು ನಿಘಂಟಿನ ಸಂಪಾದಕರಾಗಿ ಹೆಸರಾದ ವಿದ್ವಾಂಸರು ಅವರು. ನಮ್ಮ ಸುತ್ತಲಿನ ರೈತರು ಆಡುವ ಮಾತು ಪುಣೆಯ ಪಂಡಿತರಿಗೆ ಗ್ರಂಥಕ್ಕೆ ಯೋಗ್ಯವಾಗಿ ಕಂಡಿತು. ಅದನ್ನಾಡಲು ಅದೇ ರೈತರ ಮಕ್ಕಳಾದ ನಾವು ನಾಚುತ್ತೇವೆ!

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. “ಇಂಗ್ಲಿಷರು ಹೋಗಿ ಕಾಲವಾಯಿತು, ಅವರಂತೆ ಮೂಗಿನಲ್ಲಿ ಮಾತಾಡುವ ದಾಸ್ಯ ನಮಗೇಕೆ? ಅರ್ಥವಾದರೆ ಸಾಲದೇ?” ಎಂದು ಕೇಳುವವರಿದ್ದಾರೆ. ಈ ಮಾತಿನ ಮುಕ್ಕಾಲು ಪ್ರಮಾಣವನ್ನು ನಾನು ಒಪ್ಪುತ್ತೇನೆ. ಇಂಗ್ಲಿಷರನ್ನು ಅಣಕಿಸುವುದು ವಿದ್ಯೆಯಲ್ಲ. ಭಾರತೀಯರ ಇಂಗ್ಲಿಷಿಗೆ ತನ್ನದೇ ಆದ ಬಣ್ಣವಿರುವುದರಲ್ಲಿ ಅವಮಾನವೂ ಇಲ್ಲ. ಆದರೆ ಒತ್ತಿನ ಜ್ಞಾನ ನಟನೆಗಾಗಿ ಅಲ್ಲ, ಮೊದಲನೆಯದಾಗಿ ಕೇಳುವುದಕ್ಕಾಗಿ ಬೇಕು. ಒತ್ತಿಲ್ಲದ ಸ್ವರಗಳು ಮಸುಕಾಗುತ್ತವೆಂದು ತಿಳಿಯದವನಿಗೆ, ಪುಸ್ತಕದಲ್ಲಿ ಚೆನ್ನಾಗಿ ಬಲ್ಲ ಪದವೇ ಕಿವಿಗೆ ಬಿದ್ದಾಗ ಗುರುತು ಸಿಗುವುದಿಲ್ಲ. ಇಂಗ್ಲಿಷಿನಲ್ಲಿ ಉಪನ್ಯಾಸ ಕೇಳುವಾಗ ನಮ್ಮಲ್ಲಿ ಅನೇಕರು ಅರ್ಧದಲ್ಲಿ ದಾರಿ ತಪ್ಪುವುದಕ್ಕೆ ಇದೂ ಒಂದು ಕಾರಣ. ಎರಡನೆಯದಾಗಿ, ಕೇಳುವವನೂ ಒತ್ತನ್ನು ಹಿಡಿದುಕೊಂಡೇ ಪದವನ್ನು ಗುರುತಿಸುತ್ತಾನೆ. ಒತ್ತು ಬೇರೆಡೆ ಬಿದ್ದರೆ ಅವನೂ ತಡವರಿಸುತ್ತಾನೆ. ‘ಅರ್ಥವಾದರೆ ಸಾಕು’ ಎಂಬ ಮಾತು ನಿಜವಾಗಬೇಕಾದರೇ ಒತ್ತು ಬೇಕು.

ಹಾಗೆಂದು ಅವರ ಒತ್ತನ್ನು ಕನ್ನಡಕ್ಕೆ ತಂದು ತುರುಕುವುದೂ ಸಲ್ಲದು. ಇತ್ತೀಚೆಗೆ ವೇದಿಕೆಗಳ ಮೇಲೆ ಕೆಲವರು ಬೇಡವಾದೆಡೆ ಸ್ವರವನ್ನು ಎಳೆದು, ಬೇಕಾದೆಡೆ ದೀರ್ಘವನ್ನು ಕುಗ್ಗಿಸಿ ಕನ್ನಡವನ್ನು ಇಂಗ್ಲಿಷಿನ ನಡಿಗೆಯಲ್ಲಿ ನಡೆಸುತ್ತಾರೆ. ಇಲ್ಲಿ ಬಿ. ಎಂ. ಶ್ರೀಕಂಠಯ್ಯನವರ ಮೇಲ್ಪಂಕ್ತಿ ನೆನೆಯತಕ್ಕದ್ದು. ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಅಧ್ಯಾಪಕರಾಗಿದ್ದವರು. ಒತ್ತಿನ ಮೇಲೆ ನಡೆಯುವ ಇಂಗ್ಲಿಷ್ ಛಂದಸ್ಸನ್ನು ಬಲ್ಲವರು. 1920ರ ದಶಕದಲ್ಲಿ ‘ಇಂಗ್ಲಿಷ್ ಗೀತಗಳು’ ಎಂಬ ಸಂಕಲನದ ಮೂಲಕ ಅಲ್ಲಿಯ ಕವನಗಳನ್ನು ಕನ್ನಡಕ್ಕೆ ತಂದಾಗ, ಅವರು ಒತ್ತನ್ನು ಹೊತ್ತು ತರಲಿಲ್ಲ. ಕನ್ನಡದ ಮಾತ್ರಾಗಣಗಳನ್ನೇ ಹೊಸ ರೀತಿಯಲ್ಲಿ ಜೋಡಿಸಿ ಹೊಸ ಲಯಗಳನ್ನು ಕಟ್ಟಿಕೊಟ್ಟರು. ಎರಡೂ ಲೆಕ್ಕಗಳನ್ನು ಬಲ್ಲವರಾದ್ದರಿಂದಲೇ ಒಂದನ್ನು ಇನ್ನೊಂದರೊಡನೆ ಕಲಸಲಿಲ್ಲ. ನಮಗೆ ಬೇಕಾದುದು ಈ ವಿವೇಕ.

ಕೊನೆಯದಾಗಿ, ಆಚರಣೆಗೆ ತರಬಹುದಾದ ಮೂರು ಸಲಹೆಗಳನ್ನು ಹೇಳಿ ಮುಗಿಸುತ್ತೇನೆ. ಒಂದನೆಯದು ಅಧ್ಯಾಪಕರಲ್ಲಿ ಅರಿಕೆ: ಕನ್ನಡ ವಿಭಾಗದವರೂ ಇಂಗ್ಲಿಷ್ ವಿಭಾಗದವರೂ ಕೂಡಿ, ಮೊದಲ ವರ್ಷದವರಿಗೆ ವಾರಕ್ಕೊಂದು ತರಗತಿಯಂತೆ ಒಂದು ತಿಂಗಳು ಒತ್ತಿನ ಪಾಠ ಮಾಡಲಿ. ಕಪ್ಪುಹಲಗೆಯ ಒಂದು ಕಡೆ ಕನ್ನಡ ಪದಕ್ಕೆ ಲಘು ಗುರು, ಇನ್ನೊಂದು ಕಡೆ ಇಂಗ್ಲಿಷ್ ಪದಕ್ಕೆ ಒತ್ತಿನ ಗುರುತು. ಇದಕ್ಕೆ ಸೀಮೆಸುಣ್ಣದ ಹೊರತು ಬೇರೆ ವೆಚ್ಚವಿಲ್ಲ. ಎರಡನೆಯದು ಸಹಪಾಠಿಗಳಿಗೆ: ನಿಘಂಟು ತೆರೆದಾಗ ಅರ್ಥವನ್ನಷ್ಟೇ ನೋಡದೆ, ಉಚ್ಚಾರಣೆಯನ್ನು ತೋರಿಸುವಲ್ಲಿ ಒತ್ತಿನ ಅಕ್ಷರದ ಮುಂದೆ ಮೇಲ್ಗಡೆ ಹಾಕಿರುವ ಪುಟ್ಟ ಗೆರೆಯನ್ನೂ ನೋಡಿರಿ. ಇಂದು ಕೈಯಲ್ಲಿರುವ ಮೊಬೈಲಿನ ನಿಘಂಟು ಪದವನ್ನು ನುಡಿದೇ ಕೇಳಿಸುತ್ತದೆ. ದಿನಕ್ಕೆ ಐದು ಪದ ಕೇಳಿ ಐದು ಸಲ ಹೇಳಿದರೆ ಒಂದು ವರ್ಷದಲ್ಲಿ ಸಾವಿರಕ್ಕೂ ಮೇಲ್ಪಟ್ಟ ಪದಗಳಾಗುತ್ತವೆ. ಮೂರನೆಯದು ಎಲ್ಲರಿಗೂ: ಚರ್ಚಾಕೂಟದಲ್ಲಿ ಒಬ್ಬರ ಒತ್ತು ತಪ್ಪಿದರೆ ನಗಬೇಡಿರಿ, ಮಾತು ಮುಗಿದ ಮೇಲೆ ಪಕ್ಕಕ್ಕೆ ಕರೆದು, ಒತ್ತು ಬೀಳಬೇಕಾದುದು ಇಲ್ಲಿ ಎಂದು ತಿಳಿಸಿರಿ. ಹಳ್ಳಿಯಿಂದ ಬಂದು ಮೊದಲ ಬಾರಿಗೆ ವೇದಿಕೆ ಹತ್ತಿದವರು ಆ ಒಂದು ನಗುವಿಗೆ ಹೆದರಿ ಮೂರು ವರ್ಷ ಬಾಯಿ ಮುಚ್ಚಿಕೊಂಡರೆ, ಅವರ ಮನಸ್ಸಿನಲ್ಲಿದ್ದ ವಿಚಾರವನ್ನು ಕೇಳುವ ಲಾಭ ನಮಗೆ ತಪ್ಪುತ್ತದೆ.